ನೋಟೀಸು ಬಂದ ದಿನವನ್ನು ಬರೆದಿಡಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳ ಹೆಸರು ನಮ್ಮ ಪತ್ರಿಕೆಯಲ್ಲಿ ಬರುವುದು ಅಪರೂಪ. ಅಲ್ಲಿ ಕಾಫಿಯೂ ಇಲ್ಲ, ಅಡಿಕೆ ತೋಟದ ಮಾತೂ ಇಲ್ಲ. ಕಬ್ಬು, ಅರಿಶಿನ, ಜೋಳ, ಗೋವಿನಜೋಳ. ರಬಕವಿ-ಬನಹಟ್ಟಿಯಲ್ಲಾದರೆ ಮಗ್ಗದ ಸದ್ದು. ಹೀಗಿರುವಲ್ಲಿ ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಸುದ್ದಿ ಮಲೆನಾಡಿನ ಬೆಳೆಗಾರನಿಗೆ ಏಕೆ ಎಂದು ಓದುಗರು ಕೇಳಬಹುದು. ಸರ್ಕಾರಕ್ಕೆ ಜಮೀನು ಕೊಡುವಾಗ ರೈತ ಯಾವ ಯಾವ ಹಂತದಲ್ಲಿ ತನ್ನ ಹಕ್ಕನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ ಎಂಬುದನ್ನು ಆ ಕಡೆಯವರಷ್ಟು ದುಬಾರಿ ಬೆಲೆ ತೆತ್ತು ಕಲಿತವರು ನಮ್ಮ ರಾಜ್ಯದಲ್ಲಿ ಹೆಚ್ಚು ಮಂದಿ ಇಲ್ಲ. ಅದಕ್ಕಾಗಿ ಈ ಬರಹ.

ಹೋದ ಚಳಿಗಾಲದಲ್ಲಿ ಸಂಘದ ನಾಲ್ಕೈದು ಮಂದಿ ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ನೋಡಿಬರೋಣವೆಂದು ಹೊರಟಿದ್ದೆವು. ಬೆಲ್ಲದ ವ್ಯವಹಾರ ಕಂಡದ್ದಾಯಿತು, ಅದನ್ನು ಮತ್ತೊಮ್ಮೆ ಬರೆಯೋಣ. ಹಿಂದಿರುಗುವಾಗ ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಪರಿಚಿತರ ಮನೆಯಲ್ಲಿ ಒಂದು ರಾತ್ರಿ ತಂಗಿದೆವು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಊಟವಾದ ಮೇಲೆ ಮನೆಯ ಹಿರಿಯರು ಒಂದು ತಗಡಿನ ಟ್ರಂಕನ್ನು ತಂದು ನಮ್ಮೆದುರಿಗೆ ತೆರೆದರು. ಒಳಗೆ ಬರೀ ಕಾಗದ. ಎಲ್ಲವನ್ನೂ ಅವರು ಮಗುವಿನ ಬಟ್ಟೆಯಂತೆ ಮಡಿಸಿಟ್ಟಿದ್ದರು.

ಆಲಮಟ್ಟಿಯ ಹಿನ್ನೀರಿಗಾಗಿ 1990ರ ದಶಕದಲ್ಲಿ ಅವರ ಹೊಲ ಹೋಯಿತು. ಒಂದೇ ಸರ್ವೆ ನಂಬರಿನಲ್ಲಿ ಅಣ್ಣನಿಗೂ ತಮ್ಮನಿಗೂ ಸಮಪಾಲು, ಒಂದೇ ಅಧಿಸೂಚನೆ, ಒಂದೇ ದರ. ಅಣ್ಣನಾದ ಈ ಹಿರಿಯರು ಕರೆದಲ್ಲಿಗೆ ಹೋಗಿ, ತೋರಿಸಿದ ಕಡೆ ರುಜು ಹಾಕಿ ಹಣ ತಂದರು. ತಮ್ಮ ಮಾತ್ರ ಯಾರೋ ವಕೀಲರು ಹೇಳಿದರೆಂದು ರುಜುವಿನ ಪಕ್ಕದಲ್ಲಿ ತಕರಾರಿನೊಂದಿಗೆ ಪಡೆದಿದ್ದೇನೆ ಎಂದು ಬರೆದ. ಮುಂದೆ ಹೆಚ್ಚಿನ ಪರಿಹಾರಕ್ಕೆ ಅರ್ಜಿಯನ್ನೂ ಕೊಟ್ಟ. ಕೆಲವು ವರ್ಷಗಳ ಮೇಲೆ ನ್ಯಾಯಾಲಯ ಅವನ ಪಾಲಿಗೆ ಮೊದಲಿನ ದರದ ಎರಡು ಪಟ್ಟಿಗೂ ಹೆಚ್ಚು ಕೊಡಿಸಿತು. ಬಡ್ಡಿ ಬೇರೆ.

“ಆಗ ನಾವು ಅಣ್ಣತಮ್ಮರು ಮಾತು ಬಿಟ್ಟಿದ್ವ್ರೀ. ಅವ ಕೋರ್ಟಿಗೆ ಹೋಗ್ಯಾನಂತ ನನಗ ಗೊತ್ತಿತ್ತು. ಅವನ ಕೋರ್ಟಿನಿಂದ ನನಗೂ ಬರ್ತಿತ್ತು ಅಂತ ಗೊತ್ತಿರಲಿಲ್ಲ ನೋಡ್ರಿ” ಎಂದರು ಹಿರಿಯರು.

ಅವರ ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಸರ್ಕಾರದ ಅಧಿಕಾರಿ ನಿಗದಿ ಮಾಡುವ ಪರಿಹಾರದ ಆದೇಶಕ್ಕೆ ಕಚೇರಿಯ ಭಾಷೆಯಲ್ಲಿ ಐತೀರ್ಪು ಎನ್ನುತ್ತಾರೆ. ದರ ಕಡಿಮೆಯಾಯಿತೆಂದು ಅನಿಸಿದರೆ ಆ ಕಾಯಿದೆಯ 18ನೇ ಕಲಮಿನ ಪ್ರಕಾರ ವಿಷಯವನ್ನು ನ್ಯಾಯಾಲಯಕ್ಕೆ ಕಳಿಸಿಕೊಡಿ ಎಂದು ಅರ್ಜಿ ಹಾಕಬಹುದಿತ್ತು. ನಮ್ಮ ರಾಜ್ಯದ ತಿದ್ದುಪಡಿಯಂತೆ ಇದಕ್ಕೆ ನೋಟೀಸು ಕೈಸೇರಿದ ದಿನದಿಂದ 90 ದಿನಗಳ ಗಡುವು. ಆದರೆ ಹಣ ಪಡೆಯುವಾಗ ತಕರಾರು ನಮೂದಿಸದೆ ಪಡೆದವನಿಗೆ ಆ ಅರ್ಜಿ ಹಾಕುವ ಹಕ್ಕೇ ಇರಲಿಲ್ಲ. ಇಂಗ್ಲಿಷಿನಲ್ಲಿ ಅಂಡರ್ ಪ್ರೊಟೆಸ್ಟ್ ಎಂಬ ಎರಡು ಪದ, ಕನ್ನಡದಲ್ಲಿ ಒಂದು ಸಾಲು. ಅದನ್ನು ಬರೆದದ್ದರಿಂದ, ಬರೆಯದಿದ್ದುದರಿಂದ ಒಂದೇ ಬದುವಿನ ಎರಡು ಕಡೆಯ ಹೊಲಗಳ ಗತಿ ಬೇರೆ ಬೇರೆಯಾಯಿತು.

ಆದರೂ ಅಣ್ಣನಿಗೆ ಇನ್ನೊಂದು ಬಾಗಿಲು ತೆರೆದಿತ್ತು. 1984ರಲ್ಲಿ ಆ ಕಾಯಿದೆಗೆ 28-ಎ ಎಂಬ ಕಲಮನ್ನು ಸೇರಿಸಿದ್ದರು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ಒಬ್ಬನಿಗೆ ನ್ಯಾಯಾಲಯ ದರ ಹೆಚ್ಚಿಸಿದರೆ, ನ್ಯಾಯಾಲಯಕ್ಕೆ ಹೋಗದೆ ಉಳಿದವರೂ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ, ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು, ಲಿಖಿತ ಅರ್ಜಿ ಕೊಟ್ಟು ಅದೇ ಆಧಾರದ ಮೇಲೆ ಮರುನಿಗದಿ ಕೇಳಬಹುದು. ತಕರಾರಿಲ್ಲದೆ ಹಣ ಪಡೆದವನಿಗೂ ಈ ಅವಕಾಶ ತಪ್ಪುವುದಿಲ್ಲ. ವಕೀಲರಿಲ್ಲದ, ಕೋರ್ಟು ಖರ್ಚಿಗೆ ದುಡ್ಡಿಲ್ಲದ ಬಡ ರೈತನನ್ನು ನೆನೆದೇ ಮಾಡಿದ ಕಲಮು ಇದು. ಆ ಮೂರು ತಿಂಗಳು ಅಣ್ಣ ತಮ್ಮಂದಿರು ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದರು. ತಮ್ಮನಿಗೆ ಹಣ ಬಂದದ್ದು ಅಣ್ಣನಿಗೆ ತಿಳಿದದ್ದು ಮದುವೆ ಮನೆಯೊಂದರಲ್ಲಿ, ವರ್ಷ ಕಳೆದ ಮೇಲೆ.

ಇದನ್ನು ಅನಕ್ಷರಸ್ಥರ ಅಜ್ಞಾನ ಎಂದು ತಳ್ಳಿಹಾಕುವವರಿದ್ದಾರೆ. ನಾವು ಒಪ್ಪುವುದಿಲ್ಲ. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ 1989ರಲ್ಲಿ ಬ್ಯಾರೇಜು ಕಟ್ಟಿದವರು ರೈತರೇ. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಕೃಷ್ಣಾ ತೀರ ರೈತ ಸಂಘದವರು ವಂತಿಗೆ ಕೂಡಿಸಿ, ಸ್ವತಃ ದುಡಿದು ಎಬ್ಬಿಸಿದ ಕಟ್ಟೆ ಅದು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಹೊಳೆಯನ್ನೇ ನಿಲ್ಲಿಸಿದ ಜನಕ್ಕೆ ಒಂದು ಅರ್ಜಿ ಬರೆಯುವುದು ದೊಡ್ಡ ಕೆಲಸವೇನಲ್ಲ. ಅರ್ಜಿ ಬರೆಯಬಹುದು, ಅದಕ್ಕೊಂದು ಕಡೇ ದಿನವಿದೆ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಲಿಲ್ಲ, ಅಷ್ಟೆ. ನಾವು ಆ ಟ್ರಂಕಿನಲ್ಲಿ ನೋಡಿದ ನೋಟೀಸುಗಳಲ್ಲಿ ಕಲಮಿನ ಸಂಖ್ಯೆಗಳಿದ್ದವು, ಮೊಹರು ಇತ್ತು. “ಇಂಥ ತಾರೀಕಿನೊಳಗೆ ಇಂಥ ಕಚೇರಿಗೆ ಅರ್ಜಿ ಕೊಡದಿದ್ದರೆ ನಿಮ್ಮ ಹಕ್ಕು ಹೋಗುತ್ತದೆ” ಎಂಬ ವಾಕ್ಯ ಮಾತ್ರ ಇರಲಿಲ್ಲ.

ಇದು ಹಳೆಯ ಕತೆ ಎಂದು ಟ್ರಂಕನ್ನು ಮುಚ್ಚುವಂತಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿತು. ಹೀಗೆ ಏರಿಸಿದರೆ ಇನ್ನೂ ಸುಮಾರು 75 ಸಾವಿರ ಎಕರೆ ನೀರಿಗೆ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ಜಮೀನಿಗೆ ದರ ನಿರ್ಧರಿಸಿತು: ನೀರಾವರಿಯದಾದರೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ್ದಾದರೆ 30 ಲಕ್ಷ. ಇದು ರೈತ ಒಪ್ಪಿ ಪಡೆಯುವ ದರ. ಒಪ್ಪಿಗೆ ಐತೀರ್ಪು ಎನ್ನುತ್ತಾರಲ್ಲ, ಅದು.

ಒಪ್ಪಿಗೆ ಎಂಬ ಮಾತಿನ ತೂಕ ಇಲ್ಲಿದೆ. ಒಪ್ಪಿ ರುಜು ಹಾಕಿ ಹಣ ಪಡೆದವನು ಆಮೇಲೆ ದರ ಸಾಲದೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. 2005ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಹಾಗೆಂದು ಒಪ್ಪಿಗೆ ಕೊಡಲೇಬಾರದು ಎಂಬುದು ನಮ್ಮ ಮಾತಲ್ಲ. ಹತ್ತು ವರ್ಷ ಕೋರ್ಟಿನ ಜಗಲಿ ಕಾಯುವುದಕ್ಕಿಂತ ಇಂದು ಸಿಗುವ ನ್ಯಾಯವಾದ ದರ ಮೇಲು ಎಂದು ಎಣಿಸುವವರಿರಬಹುದು, ಅದರಲ್ಲಿ ತಪ್ಪಿಲ್ಲ. ಮಗಳ ಮದುವೆ ಎದುರಿಗಿದ್ದವನ ಲೆಕ್ಕ ಬೇರೆ, ಎಲ್ಲವೂ ನೆಟ್ಟಗಿದ್ದವನ ಲೆಕ್ಕ ಬೇರೆ. ಆದರೆ ಸುತ್ತಿನ ನೋಂದಣಿ ಬೆಲೆಗಳನ್ನು ವಿಚಾರಿಸಿ, 2013ರ ಹೊಸ ಕಾಯಿದೆಯಂತೆ ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ನೂರರಷ್ಟು ಸಾಂತ್ವನ ಹಣವೂ ಸೇರಿದರೆ ತನಗೆಷ್ಟು ಬರಬೇಕು ಎಂದು ಕಾಗದದ ಮೇಲೆ ಕೂಡಿಸಿ ನೋಡಿ, ಆ ಮೇಲೆ ಒಪ್ಪಬೇಕು. ಲೆಕ್ಕ ಹಾಕದೆ ಕೊಟ್ಟದ್ದನ್ನು ಒಪ್ಪಿಗೆ ಎಂದು ಕರೆಯುವುದು ನಮಗೆ ಸರಿ ಕಾಣುವುದಿಲ್ಲ.

ಇನ್ನು ನೀರಾವರಿಗೂ ಒಣಬೇಸಾಯಕ್ಕೂ ನಡುವಿನ ಆ 10 ಲಕ್ಷ. ಅಲ್ಲಿನ ಎಷ್ಟೋ ರೈತರು ಕೊಳವೆಬಾವಿ ತೋಡಿ, ಹೊಳೆಯಿಂದ ಪೈಪು ಎಳೆದು ಕಬ್ಬು ಬೆಳೆಯುತ್ತಿದ್ದಾರೆ. ಉತಾರದಲ್ಲಿ ಅದು ಕಾಣಿಸಿದೆಯೇ? ಉತಾರವೆಂದರೆ ನಮ್ಮ ಪಹಣಿಯೇ. ಅವರು ಬಳಸುವ ಶಬ್ದಗಳು ಮುಂಬಯಿ ಆಡಳಿತದ ಕಾಲದಿಂದ ಬಂದವು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಒಂದು ದಿನದ ಚಕ್ಕಡಿ ದಾರಿಯಲ್ಲಿ ಮೂರು ಸರ್ಕಾರ! 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು, 1956ರಲ್ಲಿ ಎಲ್ಲವೂ ನಮ್ಮ ರಾಜ್ಯಕ್ಕೆ ಬಂದವು. ನಮ್ಮಲ್ಲಿಯೂ ಹಾಸನ, ಚಿಕ್ಕಮಗಳೂರು ಮೈಸೂರಿನವು, ಕೊಡಗು ತಾನೇ ಬೇರೆ, ದಕ್ಷಿಣ ಕನ್ನಡ ಮದರಾಸಿನದು. ಶಬ್ದಗಳು ಹಾಗೆಯೇ ಉಳಿದವು, ಕಾನೂನು ಒಂದಾಯಿತು. 1964ರ ಭೂಕಂದಾಯ ಕಾಯಿದೆಯ 133ನೇ ಕಲಮಿನ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು, ಸುಳ್ಳೆಂದು ಸಾಬೀತಾಗುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ಅಂದರೆ ಕಾಗದದಲ್ಲಿ ಖುಷ್ಕಿ ಎಂದಿದ್ದರೆ, ಅಲ್ಲ ಸ್ವಾಮಿ, ಇಲ್ಲಿ ನೀರಿದೆ ಎಂದು ತೋರಿಸುವ ಭಾರ ರೈತನ ತಲೆಯ ಮೇಲೆ.

ಇಲ್ಲಿಗೆ ಮಾತು ನಮ್ಮ ತೋಟದ ಬೇಲಿಗೆ ಬಂದು ಮುಟ್ಟಿತು. ಹತ್ತು ವರ್ಷದ ಅಡಿಕೆ ಮರಗಳು ಹಿಂಗಾರ ಬಿಟ್ಟು ನಿಂತಿರುವ ಎಷ್ಟು ತೋಟಗಳ ಪಹಣಿಯಲ್ಲಿ ಇನ್ನೂ ಭತ್ತ ಎಂದೇ ಇದೆ? ಕಾಫಿಯ ನಡುವೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಬೆಳೆ ಸಮೀಕ್ಷೆಯಲ್ಲಿ ಬರೆಸಿದವರು ಎಷ್ಟು ಮಂದಿ? ಅಜ್ಜ ತೀರಿಹೋಗಿ ಮೂವತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುವ ಮನೆಗಳು ನಮ್ಮ ಸದಸ್ಯರಲ್ಲೇ ಇವೆ. ಹೆಸರು ಹೇಳುವುದಿಲ್ಲ, ಓದುವಾಗ ಅವರಿಗೇ ಗೊತ್ತಾಗುತ್ತದೆ. ಪೌತಿ ಖಾತೆ ಮಾಡಿಸದೆ ಇದ್ದರೆ ನೋಟೀಸು ಬರುವುದು ಸತ್ತವರ ಹೆಸರಿಗೆ, ಗಡುವು ಓಡುವುದು ಬದುಕಿದ್ದವರ ಮೇಲೆ.

ನಮಗೇನೂ ಮುಳುಗಡೆಯ ಭಯವಿಲ್ಲ ಎನ್ನುವವರು 1964ರ ಲಿಂಗನಮಕ್ಕಿಯನ್ನು ನೆನೆಯಲಿ. ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ ದಶಕಗಳ ಕಾಲ ಹಕ್ಕುಪತ್ರಕ್ಕಾಗಿ ಅಲೆದರು. ಈಗ ಹೆದ್ದಾರಿ ಅಗಲವಾಗುತ್ತದೆ, ವಿದ್ಯುತ್ ತಂತಿ ಹಾಯುತ್ತದೆ, ನೀರಿನ ಕೊಳವೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋದರೆ ದಾರಿಯೇ ಬೇರೆ: 1956ರ ಹೆದ್ದಾರಿ ಕಾಯಿದೆಯಂತೆ ದರದ ತಕರಾರು ಹೋಗಬೇಕಾದ್ದು ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಆದ್ದರಿಂದ ನೋಟೀಸು ಬಂದೊಡನೆ ಮೊದಲು ನೋಡಬೇಕಾದ್ದು ಅದು ಯಾವ ಕಾಯಿದೆಯಡಿ ಬಂದಿದೆ ಎಂಬುದನ್ನು.

2013ರ ಕಾಯಿದೆಯಡಿ ಬಂದಿದ್ದರೆ ಈ ಲೆಕ್ಕವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು. ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಹೇಳಲು 60 ದಿನ. ಐತೀರ್ಪು ಮಾಡುವಾಗ ನೀವು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಿದ್ದರೆ, 64ನೇ ಕಲಮಿನ ಪ್ರಕಾರ ಹೆಚ್ಚಿನ ಪರಿಹಾರ ಕೇಳಲು ಆ ದಿನದಿಂದ ಆರು ವಾರ. ಹಾಜರಿಲ್ಲದಿದ್ದರೆ ಕಾಯಿದೆ ಹೇಳಿದ ನೋಟೀಸು ತಲುಪಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಸಕಾರಣವಿದ್ದರೆ ಅಧಿಕಾರಿ ಇನ್ನೂ ಒಂದು ವರ್ಷದವರೆಗೆ ಅರ್ಜಿ ತೆಗೆದುಕೊಳ್ಳಬಹುದು. ಅದು ಅವರ ವಿವೇಚನೆ, ನಂಬಿ ಕೂರುವ ಮಾತಲ್ಲ. ತಕರಾರು ಬರೆಯದೆ ಹಣ ಪಡೆದರೆ ಹಕ್ಕು ಹೋಗುವ ನಿಯಮ ಹೊಸ ಕಾಯಿದೆಯಲ್ಲೂ ಇದೆ. ಅಣ್ಣ ತಪ್ಪಿಸಿಕೊಂಡ ಆ ಮೂರು ತಿಂಗಳ ಅವಕಾಶ 73ನೇ ಕಲಮಾಗಿ ಉಳಿದಿದೆ. ನೆರೆಯವನ ಕೋರ್ಟು ಏನಾಯಿತೆಂದು ವಿಚಾರಿಸುತ್ತಿರಿ, ಅವನೊಡನೆ ಜಗಳವಿದ್ದರೂ ಸರಿ.

ತೋಟಗಾರನಿಗೆ ವಿಶೇಷವಾಗಿ ಬೇಕಾದದ್ದು 29ನೇ ಕಲಮು. ನೆಲದ ಬೆಲೆ ಬೇರೆ, ನೆಲಕ್ಕೆ ಅಂಟಿಕೊಂಡ ಮರ, ಗಿಡ, ಕಟ್ಟಡದ ಬೆಲೆ ಬೇರೆ. ಮರಗಿಡಗಳ ಬೆಲೆ ಕಟ್ಟಲು ಕೃಷಿ, ಅರಣ್ಯ, ತೋಟಗಾರಿಕೆಯಲ್ಲಿ ಅನುಭವವುಳ್ಳವರ ಸೇವೆಯನ್ನು ಅಧಿಕಾರಿ ಪಡೆಯಬಹುದು. ಜಂಟಿ ಅಳತೆಗೆ ಬಂದ ದಿನ ಪಟ್ಟಿಯಲ್ಲಿ “ಅಡಿಕೆ ಮರ” ಎಂದು ಬರೆದರೆ ಸಾಲದು; ಫಸಲು ಬಿಡುವುದೆಷ್ಟು, ಎಳೆಯದೆಷ್ಟು, ಬಳ್ಳಿ ಹಬ್ಬಿದ ಮರವೆಷ್ಟು, ಕಣವೆಷ್ಟು ಉದ್ದ, ಹನಿ ನೀರಾವರಿಯ ಕೊಳವೆ ಎಷ್ಟು, ಎಲ್ಲ ಬರಬೇಕು. ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಬೆಳೆಗಾರರು ಅಳತೆಯವರು ಬಂದ ದಿನ ಕಾಫಿ ಕೊಟ್ಟು ಉಪಚರಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಲೋಟದ ಜೊತೆಗೆ ಒಂದು ಹಾಳೆ, ಪೆನ್ನೂ ಹೊರಗೆ ಬರಲಿ.

ಗಡುವಿನ ಪಾಠ ನಮಗೆ ಹೊಸದೇನೂ ಅಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಗೇಣಿದಾರರು ಫಾರಂ 7 ಸಲ್ಲಿಸಲು ಕೊನೆಗೆ 1979ರ ಜೂನ್ 30 ಎಂದು ನಿಂತಿತು. ಅಷ್ಟರೊಳಗೆ ಅರ್ಜಿ ಹಾಕಿ ಹಕ್ಕು ತೋರಿಸಿದವರು ಒಡೆಯರಾದರು. ಧಣಿಗಳ ದಾಕ್ಷಿಣ್ಯಕ್ಕೆ, ಯಾರೋ ನೋಡಿಕೊಳ್ಳುತ್ತಾರೆಂಬ ನಂಬಿಕೆಗೆ ಸುಮ್ಮನಿದ್ದವರ ಮೊಮ್ಮಕ್ಕಳು ನಮ್ಮ ನಿಮ್ಮ ನಡುವೆಯೇ ಇದ್ದಾರೆ.

ಮುಧೋಳದ ಕಡೆ ಕೇಳಿದ ಇನ್ನೊಂದು ಸಂಗತಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಿ ಕೊಡಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಬೆಳೆಗಾರರು ದರಕ್ಕಾಗಿ ಬೀದಿಗಿಳಿದದ್ದನ್ನು ಎಲ್ಲರೂ ಓದಿದ್ದೇವೆ. ಆದರೆ ನಾವು ಮಾತನಾಡಿಸಿದ ಏಳೆಂಟು ಮಂದಿಯಲ್ಲಿ ಆ ಬಡ್ಡಿಯನ್ನು ಬರೆದು ಕೇಳಿದವರು ಒಬ್ಬರೂ ಇರಲಿಲ್ಲ. “ಮುಂದಿನ ವರ್ಷ ನಮ್ಮ ಕಬ್ಬ ಕಡೀಬೇಕಲ್ರೀ” ಎಂದರು ಒಬ್ಬರು. ಈ ಭಯಕ್ಕೆ ಕಾಯಿದೆ ಪುಸ್ತಕದಲ್ಲಿ ಮದ್ದಿಲ್ಲ. ಒಬ್ಬೊಬ್ಬರೇ ಕೇಳುವುದಕ್ಕೆ ಬದಲು ಸಂಘದ ಕಾಗದದಲ್ಲಿ ಐವತ್ತು ಜನ ಕೂಡಿ ಕೇಳಿದರೆ ಕಡಿಮೆಯಾದೀತು.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಬರಹ ಅರ್ಧವಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ಮಾಡಿತು, 2005ರಲ್ಲಿ ಇಡೀ ದೇಶದ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹಾಗಾಯಿತು. ಪರಿಹಾರದ ಹಣದ ಮೇಲೆ ಹಕ್ಕುದಾರರ ನಡುವೆ ತಕರಾರೆದ್ದರೆ ಹಣ ಯಾರ ಕೈಗೂ ಬಾರದೆ ಠೇವಣಿಯಾಗಿ ಕೂರುತ್ತದೆ. ತಂಗಿಯ ಹೆಸರನ್ನು ಮುಚ್ಚಿಟ್ಟು ಪಟ್ಟಿ ಕೊಟ್ಟವರು ಕಡೆಗೆ ವಕೀಲರಿಗೆ ಕೊಟ್ಟದ್ದು ತಂಗಿಯ ಪಾಲಿಗಿಂತ ಹೆಚ್ಚು ಎಂಬ ಉದಾಹರಣೆಗಳನ್ನು ಆ ರಾತ್ರಿ ಬೇಕಾದಷ್ಟು ಕೇಳಿದೆವು. ಅಂದಹಾಗೆ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ದೂರವಾಣಿ 15100.

ಸರ್ಕಾರದಿಂದ ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಐತೀರ್ಪಿನ ನೋಟೀಸಿನ ಕೆಳಗೆ, ದಪ್ಪ ಅಕ್ಷರದಲ್ಲಿ, ತಿಳಿಗನ್ನಡದಲ್ಲಿ, ಅರ್ಜಿ ಕೊಡಲು ಕಡೇ ತಾರೀಕು ಯಾವುದು, ಯಾವ ಕಚೇರಿ, ಹಣ ಪಡೆಯುವಾಗ ಏನು ಬರೆಯಬೇಕು ಎಂಬ ಮೂರು ಸಾಲು ಮುದ್ರಿಸಲಿ. ಒಪ್ಪಿಗೆ ಪತ್ರದ ಮೇಲೆ “ಇದಕ್ಕೆ ಸಹಿ ಮಾಡಿದರೆ ಹೆಚ್ಚಿನ ದರಕ್ಕೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ” ಎಂದೂ ಇರಲಿ. ಔಷಧಿ ಡಬ್ಬಿಯ ಮೇಲೆ ವಿಷ ಎಂದು ಬರೆಯುವ ನಿಯಮ ಇದೆಯಲ್ಲವೇ? ಈ ಆಶಯದ ಗೊತ್ತುವಳಿಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ.

ಬೀಳಗಿಯ ಆ ಅಣ್ಣತಮ್ಮಂದಿರು ಈಗ ಮಾತನಾಡುತ್ತಾರೆ. ಹಳೆಯ ಹಿನ್ನೀರಿನ ಮೇಲೆ ಉಳಿದ ಅವರ ಹೊಲ 524 ಮೀಟರಿನ ಗೆರೆಯೊಳಗೆ ಬರುತ್ತದಂತೆ. ಬೆಳಿಗ್ಗೆ ಹೊರಡುವಾಗ ನೋಡಿದೆವು, ಪಡಸಾಲೆಯ ಕ್ಯಾಲೆಂಡರಿನಲ್ಲಿ ಅಳತೆಯವರು ಬರುತ್ತೇವೆಂದ ದಿನಕ್ಕೆ ಕೆಂಪು ಶಾಯಿಯ ಸುತ್ತು ಹಾಕಿತ್ತು. ಪಕ್ಕದಲ್ಲಿ ತಮ್ಮನ ಕೈಬರಹ: “ಇಬ್ಬರೂ ಇರಬೇಕು.”

ನಮ್ಮ ಸಂಘದ ಕಚೇರಿಯಲ್ಲೂ ಸಂತೆಯ ದಿನದಿಂದ ಒಂದು ರಿಜಿಸ್ಟರು ಇಡುತ್ತೇವೆ. ಯಾವುದೇ ಸರ್ಕಾರಿ ನೋಟೀಸು ಬಂದ ಸದಸ್ಯರು ಲಕೋಟೆಯನ್ನೂ ಎಸೆಯದೆ ತರತಕ್ಕದ್ದು. ತಲುಪಿದ ತಾರೀಕನ್ನು ಬರೆದುಕೊಂಡು, ಗಡುವಿನ ತಾರೀಕನ್ನು ಲೆಕ್ಕ ಹಾಕಿ ಕೊಡುತ್ತೇವೆ.